ಏನೂ ಆಗದ ದಿನವನ್ನು ಹುಡುಕುತ್ತಾ

ಹೋದ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಆಯಿ ಮತ್ತೆ ಅದೇ ಪ್ರಶ್ನೆ ಕೇಳಿದಳು. ಶಿರಸಿಯ ಹತ್ತಿರ ನಮ್ಮ ಮನೆ. ಅಡಿಕೆ ಕೊಯ್ಲಿನ ಸಮಯ. ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಎಲ್ಲರೂ ಅಡಿಕೆ ಸುಲಿಯಲು ಕೂತಿದ್ದೆವು. "ಶಾಂತಿ ಇದ್ರೆ ಆತು. ಅದ್ರ ಬಗ್ಗೆ ಇಷ್ಟು ವರ್ಷ ಓದಲೆ ಎಂತ ಇದ್ದು?" ಅಂದಳು. ನಾನು ಏನೋ ಹೇಳಿ ಮಾತು ಮುಗಿಸಿದೆ. ಆದರೆ ಪ್ರಶ್ನೆ ಬಿಡಲಿಲ್ಲ, ಯಾಕೆಂದರೆ ನನ್ನ ಪಿಎಚ್‌ಡಿಯ ಗಂಟು ಇರುವುದೇ ಅಲ್ಲಿ. ಗಲಾಟೆ ಆದರೆ ಓದಲು ಬೇಕಾದಷ್ಟು ಸಿಗುತ್ತದೆ. ಎಫ್‌ಐಆರ್ ಇರುತ್ತದೆ, ಪೇಪರಿನ ಸುದ್ದಿ ಇರುತ್ತದೆ, ಆಯೋಗದ ವರದಿ ಇರುತ್ತದೆ, ಸುಟ್ಟ ಅಂಗಡಿಗಳ ಪಟ್ಟಿ ಇರುತ್ತದೆ. ಆಗದೇ ಹೋದ ಗಲಾಟೆಗೆ ಒಂದು ಚೀಟಿಯೂ ಇರುವುದಿಲ್ಲ. ಅದನ್ನು ಎಲ್ಲಿ ಅಂತ ಹುಡುಕುವುದು?

ಎರಡು ವರ್ಷದಿಂದ ನಾನು ಹುಡುಕುತ್ತಿರುವುದು ಕುಮಟಾದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ. ಕುಮಟಾದಲ್ಲಿ ಒಂದು ಬಾಡಿಗೆ ಕೋಣೆ, ಬೆಳಿಗ್ಗೆ ಎದ್ದು ಬಸ್ಸು, ಬೋಟುಗಳು ಬಂದು ನಿಲ್ಲುವ ಯಾವುದೋ ಮೀನಿನ ಧಕ್ಕೆ, ಯಾವುದೋ ಕಿರಾಣಿ ಅಂಗಡಿ, ಯಾವುದೋ ರಿಕ್ಷಾ ಸ್ಟ್ಯಾಂಡು. ಕೇಳುವುದು ಒಂದೇ ಪ್ರಶ್ನೆ. 2017ರ ಡಿಸೆಂಬರ್‌ನಲ್ಲಿ ನಿಮ್ಮೂರಲ್ಲಿ ಏನಾಯಿತು?

ನಮ್ಮ ಜಿಲ್ಲೆಯವರಿಗೆ ಆ ಡಿಸೆಂಬರ್ ಮರೆತಿರಲಿಕ್ಕಿಲ್ಲ. ಹೊನ್ನಾವರದಲ್ಲಿ ಹಿಂದೂ-ಮುಸ್ಲಿಂ ಗಲಾಟೆ ಆಗಿತ್ತು. ಅದರ ಬೆನ್ನಿಗೇ ಕಾಣೆಯಾಗಿದ್ದ ಒಬ್ಬ ಹುಡುಗನ ಶವ ಕೆರೆಯಲ್ಲಿ ಸಿಕ್ಕಿತು. ಅವನು ಹೇಗೆ ಸತ್ತ ಅಂತ ಗೊತ್ತಾಗುವ ಮೊದಲೇ ಹೇಗೆ ಸತ್ತ ಅನ್ನುವ ಕಥೆ ಎಲ್ಲರ ಮೊಬೈಲಿಗೆ ಬಂದಾಗಿತ್ತು. ಕುಮಟಾದಲ್ಲಿ ಕಲ್ಲು ಬಿತ್ತು, ಪೊಲೀಸ್ ಐಜಿಯವರ ವಾಹನವನ್ನೇ ಸುಟ್ಟರು, ಆಮೇಲೆ ಶಿರಸಿ. ನಾನಾಗ ಡಿಗ್ರಿ ಓದುತ್ತಿದ್ದೆ. "ಪೇಟೆ ಬದಿಗೆ ಹೋಗಡ" ಅಂತ ಆಯಿ ಫೋನ್ ಮಾಡಿದ್ದಳು, ಅಷ್ಟರಲ್ಲಿ ನಾನು ಪೇಟೆಯಲ್ಲೇ ಇದ್ದೆ. ಒಂದರ ಹಿಂದೆ ಒಂದು ಶಟರ್ ಎಳೆಯುವ ಸದ್ದು, ಆಮೇಲೆ ಏನೂ ಇಲ್ಲ, ಬರೀ ಬೂಟಿನ ಸದ್ದು. ಆ ಕೇಸು ಸಿಬಿಐಗೆ ಹೋಯಿತು. ಅದೊಂದು ಆಕಸ್ಮಿಕ ಸಾವು ಅಂತ ಸಿಬಿಐ ಕೋರ್ಟಿಗೆ ವರದಿ ಕೊಟ್ಟಿದ್ದು 2022ರಲ್ಲಿ. ಮಗನನ್ನು ಕಳೆದುಕೊಂಡ ಮನೆಯವರ ದುಃಖ ಯಾವ ವರದಿಯಿಂದಲೂ ಹೋಗುವಂಥದ್ದಲ್ಲ. ಆದರೆ ಆ ಐದು ವರ್ಷದಲ್ಲಿ ಎಷ್ಟೊಂದು ಹುಡುಗರು ಕೇಸು ತಲೆ ಮೇಲೆ ಹೊತ್ತು ಓಡಾಡಿದರು, ಎಷ್ಟೊಂದು ಜನ ಪರಸ್ಪರ ಅಂಗಡಿಗೆ ಹೋಗುವುದು ಬಿಟ್ಟರು ಅಂತ ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನನ್ನನ್ನು ಕಾಡಿದ್ದು ಇನ್ನೊಂದು. ಅದೇ ಸುದ್ದಿ, ಅದೇ ಸಿಟ್ಟು, ಅದೇ ಹೆದ್ದಾರಿ. ಆದರೂ ಆ ಹೆದ್ದಾರಿ ಪಕ್ಕದ ಎಷ್ಟೋ ಊರುಗಳಲ್ಲಿ ಒಂದು ಕಲ್ಲೂ ಬೀಳಲಿಲ್ಲ. ಯಾಕೆ?

ಈ 'ಯಾಕೆ' ಹಿಂದೆ ಬಿದ್ದವರು ನನಗಿಂತ ಮೊದಲೇ ಇದ್ದಾರೆ. ಅಶುತೋಷ್ ವಾರ್ಷ್ಣೇಯ ಅಂತ, ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಅವರೂ ಸ್ಟೀವನ್ ವಿಲ್ಕಿನ್ಸನ್ ಅನ್ನುವ ಇನ್ನೊಬ್ಬ ಸಂಶೋಧಕರೂ ಸೇರಿ 1950ರಿಂದ 1995ರವರೆಗಿನ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆ ಇಟ್ಟುಕೊಂಡು ದೇಶದ ಹಿಂದೂ-ಮುಸ್ಲಿಂ ಗಲಭೆಗಳನ್ನು ಒಂದೊಂದಾಗಿ ಲೆಕ್ಕ ಹಾಕಿದರು. ಲೆಕ್ಕ ನೋಡಿದಾಗ ನನಗೆ ನಂಬಲಿಕ್ಕೇ ಆಗಲಿಲ್ಲ. ಸತ್ತವರಲ್ಲಿ ಸುಮಾರು ಅರ್ಧದಷ್ಟು ಜನ ಬರೀ 8 ನಗರಗಳಲ್ಲಿ ಸತ್ತವರು. ಹಳ್ಳಿಗಳ ಪಾಲು ನೂರಕ್ಕೆ 4ಕ್ಕಿಂತಲೂ ಕಡಿಮೆ. ಆ ಕಾಲದಲ್ಲಿ ದೇಶದ ಬಹುಪಾಲು ಜನ ಇದ್ದದ್ದು ಹಳ್ಳಿಗಳಲ್ಲಿ ಅನ್ನುವುದನ್ನು ನೆನಪಿಟ್ಟುಕೊಂಡು ಈ ಅಂಕಿ ನೋಡಬೇಕು. ಅಂದರೆ ನಮ್ಮ ದೇಶದಲ್ಲಿ ಗಲಾಟೆ ಎಲ್ಲಾ ಕಡೆ ಆಗುವಂಥದ್ದಲ್ಲ. ಕೆಲವು ಊರುಗಳಲ್ಲಿ ಮತ್ತೆ ಮತ್ತೆ ಆಗುತ್ತದೆ, ಉಳಿದ ಕಡೆ ಆಗುವುದಿಲ್ಲ.

ಆಮೇಲೆ ವಾರ್ಷ್ಣೇಯ ಊರುಗಳನ್ನು ಜೋಡಿ ಮಾಡಿದರು. ಒಂದು ಗಲಾಟೆಯ ಊರು, ಒಂದು ಸುಮ್ಮನಿರುವ ಊರು. ಉತ್ತರ ಪ್ರದೇಶದ ಅಲಿಗಢ ಮತ್ತು ಕೇರಳದ ಕಲ್ಲಿಕೋಟೆ ಆ ಜೋಡಿಗಳಲ್ಲಿ ಒಂದು. ಎರಡರಲ್ಲೂ ಮುಸ್ಲಿಮರು ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಹಾಗಿದ್ದರೆ ವ್ಯತ್ಯಾಸ ಎಲ್ಲಿ? ಅವರು ಮನೆಮನೆಗೆ ಹೋಗಿ ಕೇಳಿದ ಪ್ರಶ್ನೆಗಳು ತುಂಬಾ ಸಾದಾ. ಬೇರೆ ಧರ್ಮದವರ ಜೊತೆ ಕೂತು ಊಟ ಮಾಡ್ತೀರಾ? ಕಲ್ಲಿಕೋಟೆಯಲ್ಲಿ ನೂರಕ್ಕೆ ಸುಮಾರು 83 ಜನ ಹೌದು ಅಂದರು, ಅಲಿಗಢದಲ್ಲಿ 54. ಮಕ್ಕಳು ಒಟ್ಟಿಗೆ ಆಡ್ತಾರಾ? ಕಲ್ಲಿಕೋಟೆಯಲ್ಲಿ ಸುಮಾರು 90, ಅಲಿಗಢದಲ್ಲಿ 42. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಹಳ್ಳಿಯಲ್ಲಾದರೆ ಮುಖ ಪರಿಚಯ, ಅಕ್ಕಪಕ್ಕದ ಬಳಕೆ ಸಾಕಾಗುತ್ತದೆ. ಪೇಟೆಯಲ್ಲಿ ಅಷ್ಟು ಸಾಲದು, ಅಲ್ಲಿ ಇಬ್ಬರೂ ಇರುವ ಸಂಘ ಬೇಕು, ವ್ಯಾಪಾರಿಗಳದ್ದು, ಕೂಲಿಯವರದ್ದು, ಓದುವ ಕೂಟ, ಏನಾದರೂ. ಗಲಾಟೆ ಆದರೆ ಇಬ್ಬರ ಹೊಟ್ಟೆಗೂ ಏಟು ಅನ್ನುವ ಹಾಗೆ ಕಟ್ಟಿದ ಸಂಘ. ಅಂಥ ಸಂಘ ಇರುವ ಊರಿನಲ್ಲಿ ಸುಳ್ಳು ಸುದ್ದಿ ಬಂದಾಗ ಯಾರಿಗೆ ಫೋನ್ ಮಾಡಬೇಕು ಅಂತ ಜನರಿಗೆ ಗೊತ್ತಿರುತ್ತದೆ. ಇಲ್ಲದ ಊರಿನಲ್ಲಿ? 1990ರ ಡಿಸೆಂಬರ್‌ನಲ್ಲಿ ಅಲಿಗಢದ ಮೆಡಿಕಲ್ ಕಾಲೇಜಿನಲ್ಲಿ ಹಿಂದೂ ರೋಗಿಗಳನ್ನು ಕೊಂದರು ಅನ್ನುವ ಸುಳ್ಳನ್ನು ಅಲ್ಲಿಯ ಕೆಲವು ಪತ್ರಿಕೆಗಳೇ ಅಚ್ಚು ಹಾಕಿದವು.

ಇದನ್ನೆಲ್ಲ ಓದಿಕೊಂಡು ನಾನು ಧಕ್ಕೆಗೆ ಹೋದೆ.

ಹೊನ್ನಾವರ-ಕುಮಟಾ ನಡುವಿನ ಒಂದು ಸಣ್ಣ ಊರು. ಹೆಸರು ಹೇಳುವುದಿಲ್ಲ, ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಅಲ್ಲಿ ಮೀನು ಮಾರುವ ಒಬ್ಬ ಅಕ್ಕ ಇದ್ದಾರೆ, ಐವತ್ತೈದರ ಆಸುಪಾಸು. ಮೊದಲ ಸಲ ಹೋದಾಗ ಮಾತೇ ಆಡಲಿಲ್ಲ. ಎರಡನೇ ಸಲ "ನೀವು ಮೀನು ತಿನ್ನೋರಲ್ಲ, ನಿಮಗೆಂತಕ್ಕೆ ಧಕ್ಕೆ ಸುದ್ದಿ" ಅಂದರು. ಮೂರನೇ ಸಲ ಕೂರಲು ಒಂದು ಖಾಲಿ ಕ್ರೇಟ್ ಬೋರಲು ಹಾಕಿದರು. ನಾನು ನನ್ನ ಪ್ರಶ್ನೆ ಕೇಳಿದೆ.

"ಅವತ್ತು ಎಂತಾ ಆಗ್ಲಿಲ್ಲ ತಂಗೀ. ಮೀನು ಬಂತು. ಹರಾಜಾಯ್ತು. ಮನೆಗೆ ಹೋದ್ವು."

ನಾನು ನೋಟ್‌ಬುಕ್ಕಿನಲ್ಲಿ 'ಘಟನೆ ಇಲ್ಲ' ಅಂತ ಬರೆದು ಮುಚ್ಚಿದೆ. ಅವರು ಬಂಗಡೆ ಕೊಯ್ಯುತ್ತಲೇ ಇದ್ದರು. ಕಿವಿರಿನ ಹತ್ತಿರ ಕತ್ತಿ ಇಟ್ಟು ಒಂದೇ ಎಳೆತ, ಹೊಟ್ಟೆ ಖಾಲಿ, ನೀರಿಗೆ ಅದ್ದಿ ಬುಟ್ಟಿಗೆ. ಆಮೇಲೆ ಐಸಿನ ರೇಟು ಎಷ್ಟು ಏರಿದೆ ಅಂತ ಬೈಯಲು ಶುರು ಮಾಡಿದರು. ಬೈಯುತ್ತಾ ಬೈಯುತ್ತಾ "ಅವತ್ತೂ ಐಸ್ ಇರ್ಲಿಲ್ಲ, ನಾವೇ ಹೋಗಿ ತೆಗ್ಸಿದ್ದು" ಅಂದರು.

ನಾನು ಸುಮ್ಮನೆ ಕೂತೆ. ಉಳಿದದ್ದು ಒಂದು ಗಂಟೆಯಲ್ಲಿ, ನಡುವೆ ಗಿರಾಕಿಗಳು ಬಂದು ಹೋಗಿ, ತುಂಡು ತುಂಡಾಗಿ ಬಂತು. ಆ ಊರಿನ ಐಸ್ ಅಂಗಡಿ ಒಬ್ಬ ಸಾಯ್ಬರದ್ದು. ಗಲಾಟೆ ಸುದ್ದಿ ಬಂದ ಸಂಜೆಯೇ ಅವರು ಶಟರ್ ಎಳೆದು ಮನೆ ಸೇರಿದ್ದರು. ಆದರೆ ಎರಡು ಬೋಟು ಸಮುದ್ರದಲ್ಲಿದ್ದವು. ಬೆಳಗಿನ ಜಾವ ಬೋಟು ಬಂತು, ಬೋಟಿನ ತುಂಬಾ ಬಂಗಡೆ, ಐಸ್ ಇಲ್ಲ. ಐಸ್ ಇಲ್ಲದಿದ್ದರೆ ವ್ಯಾನಿನವರು ಮುಟ್ಟುವುದಿಲ್ಲ, ಬಿಸಿಲೇರಿದರೆ ಅಷ್ಟೂ ಮೀನು ಗೊಬ್ಬರಕ್ಕೆ. ಬೋಟು ನಡೆಸುವ ತಾಂಡೇಲನೂ ಮೂರು ಹೆಂಗಸರೂ ಕತ್ತಲಲ್ಲೇ ಸಾಯ್ಬರ ಮನೆಗೆ ನಡೆದರು. ಬಾಗಿಲು ಬಡಿದರು. ಒಳಗಿನಿಂದ ಉಸಿರಿಲ್ಲ. ನಾಲ್ಕು ಗಂಟೆಗೆ, ಅಂಥ ದಿನ, ಹೊರಗೆ ಗಂಡಸಿನ ಧ್ವನಿ ಕೇಳಿದರೆ ಯಾರು ತಾನೇ ಬಾಗಿಲು ತೆಗೆಯುತ್ತಾರೆ?

ಆಗ ಈ ಅಕ್ಕ ಕೂಗಿ ಹೇಳಿದರಂತೆ, "ಸಾಯ್ಬ್ರೇ, ನಾನು. ಬಾಕಿ ಕೊಡೂಕೆ ಬಂದೆ."

ಅವರ ಹತ್ತಿರ ಸಾಯ್ಬರ ಐಸಿನ ಬಾಕಿ ಯಾವಾಗಲೂ ಇರುತ್ತಿತ್ತು, ಈಗಲೂ ಇದೆ. ವಾರಕ್ಕೊಮ್ಮೆ ಸ್ವಲ್ಪ ಕೊಡುವುದು, ಮತ್ತೆ ತರುವುದು. ಇಪ್ಪತ್ತು ವರ್ಷದ ಲೆಕ್ಕ. ಧ್ವನಿ ಗುರುತಾಗಿ ಬಾಗಿಲು ತೆರೆಯಿತು. ನಾಲ್ಕೂ ಜನ ಜೊತೆಗೆ ನಡೆದು ಬಂದು ಅಂಗಡಿ ತೆಗೆಸಿದರು, ಐಸ್ ಒಡೆಯುವಾಗ ಬಾಗಿಲಲ್ಲೇ ನಿಂತರು. ಬೆಳಕು ಹರಿದ ಮೇಲೆ ಆರೇಳು ಬೈಕು ಬಂದವು. ಹೆಚ್ಚಿನವರು ಹೊರಗಿನ ಹುಡುಗರು, ಒಬ್ಬ ಮಾತ್ರ ಊರಿನವನೇ, ತಾಂಡೇಲನ ಅಕ್ಕನ ಮಗ. ಹೆಂಗಸರು ಧಕ್ಕೆಯ ದಾರಿಗೆ ಅಡ್ಡ ಬುಟ್ಟಿ ಇಟ್ಟುಕೊಂಡು ಕೂತರು. ಹರಾಜು ಮುಗಿಯುವ ತನಕ ಬುಟ್ಟಿ ಇಲ್ಲದವರಿಗೆ ದಾರಿ ಇಲ್ಲ ಅಂದರು. ತಾಂಡೇಲನ ಆ ಸೋದರಳಿಯನಿಗೆ ಹೆಸರು ಹಿಡಿದು ಬೈದರು, ನಿನ್ನಪ್ಪನ ಬೋಟಿನ ಮೀನಿದು, ಕೊಳೀಲಿ ಅಂತೀಯಾ? ಅವನು ತಲೆ ತಗ್ಗಿಸಿದ. ಬೈಕುಗಳು ಸ್ವಲ್ಪ ಹೊತ್ತು ನಿಂತು ತಿರುಗಿ ಹೋದವು.

"ಅಷ್ಟೇ. ಎಂತಾ ಆಗ್ಲಿಲ್ಲ" ಅಂದರು ಮತ್ತೆ.

ಬಸ್ಸಿನಲ್ಲಿ ಕೂತು ನೋಟ್‌ಬುಕ್ ತೆಗೆದು ಆ ಎರಡು ಶಬ್ದ ಹೊಡೆದು ಹಾಕಿದೆ. ಕೈ ನಡುಗುತ್ತಿತ್ತು. ಅಲ್ಲಿಯವರೆಗೆ ಎಷ್ಟು ಊರಿಗೆ 'ಘಟನೆ ಇಲ್ಲ' ಅಂತ ಬರೆದು ಮುಂದೆ ಹೋಗಿದ್ದೆನೋ, ಆ ಊರುಗಳಿಗೆಲ್ಲ ವಾಪಸ್ ಹೋಗಬೇಕಾಯಿತು.

ಒಬ್ಬರ ಮಾತು ಸಾಕ್ಷಿಯಾಗುವುದಿಲ್ಲ. ತಾಂಡೇಲನನ್ನು ಬೇರೆಯಾಗಿ ಭೇಟಿ ಮಾಡಿದೆ. ಅವರು ಹೇಳಿದ್ದು ಹೆಚ್ಚುಕಡಿಮೆ ಇದೇ, ಆದರೆ ಹೆಂಗಸರು ಮೂವರಲ್ಲ ಐವರು, ಬೈಕು ಮೂರೋ ನಾಲ್ಕೋ. ಇಂಥ ಸಣ್ಣ ವ್ಯತ್ಯಾಸ ಇರುವುದೇ ಒಳ್ಳೆಯದು, ಎಲ್ಲರೂ ಒಂದೇ ಥರ ಹೇಳಿದರೆ ನನಗೆ ಅನುಮಾನ ಬರುತ್ತದೆ.

ಈ ಕಥೆ ಕೇಳಿದ ರಾತ್ರಿ ನನಗೆ ನೆನಪಾಗಿದ್ದು ಕೆನ್ಯಾದ ವಜೀರ್. ದೇಶದ ಈಶಾನ್ಯ ಮೂಲೆಯ ಬರಗಾಲದ ಸೀಮೆ, ಸೋಮಾಲಿ ಕುಲಗಳ ನಡುವೆ 1990ರ ದಶಕದ ಆರಂಭದಲ್ಲಿ ಕೊಲೆ, ದನಗಳ ಲೂಟಿ. ಅಲ್ಲಿ ಕೆಲವು ಹೆಂಗಸರು ಸೇರಿ ಮೊದಲು ಮಾಡಿದ್ದು ಒಂದೇ ಕೆಲಸ: ಸಂತೆಯನ್ನು ಕಾಯುವುದು. ಯಾವ ಕುಲದ ಹೆಂಗಸೇ ಬರಲಿ, ಭಯವಿಲ್ಲದೆ ಮಾರಬೇಕು, ಕೊಳ್ಳಬೇಕು. ಏನಾದರೂ ನಡೆದರೆ ಅಲ್ಲೇ ಹೋಗಿ ತಡೆಯಬೇಕು. ಸಂತೆ ನಿಂತ ಮೇಲೆ ಅವರು ಕುಲದ ಹಿರಿಯರ ಹತ್ತಿರ ಹೋದರು, ಆಮೇಲೆ ಹುಡುಗರ ಹತ್ತಿರ, ಆಮೇಲೆ ಸರ್ಕಾರದ ಹತ್ತಿರ. ಅವರಲ್ಲಿ ಒಬ್ಬರು ದೇಖಾ ಇಬ್ರಾಹಿಂ ಅಬ್ದಿ. 2007ರಲ್ಲಿ ಅವರಿಗೆ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂತು, 2011ರಲ್ಲಿ ತೀರಿಕೊಂಡರು. ಜಾನ್ ಪಾಲ್ ಲೆಡರಾಕ್ ಅನ್ನುವ ಸಂಶೋಧಕರು ಇವರ ಬಗ್ಗೆ ಬರೆದು ಜಗತ್ತಿಗೆ ಗೊತ್ತು ಮಾಡಿದರು. ನಮ್ಮ ಧಕ್ಕೆಯ ಹೆಂಗಸರು ವಜೀರ್ ಹೆಸರು ಕೇಳಿದವರಲ್ಲ. ಇಬ್ಬರೂ ಕೈಗೆ ಹತ್ತಿರ ಇದ್ದದ್ದನ್ನೇ ಹಿಡಿದರು.

ನಮ್ಮಲ್ಲಿ ಶಾಂತಿ ಸಭೆ ಅಂದರೆ ಎಲ್ಲರಿಗೂ ಗೊತ್ತು. ಚೌತಿ ಬಂತು, ಈದ್ ಬಂತು ಅಂದರೆ ಠಾಣೆಯಲ್ಲಿ ಕರೆಯುತ್ತಾರೆ. ಅಂಥ ನಾಲ್ಕೈದು ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ನೋಡಿದ್ದೇನೆ. ಮೆರವಣಿಗೆ ಯಾವ ದಾರಿಯಲ್ಲಿ ಹೋಗಬೇಕು, ಮೈಕ್ ಎಷ್ಟು ಹೊತ್ತಿಗೆ ಬಂದ್ ಮಾಡಬೇಕು ಅನ್ನುವುದು ಅಲ್ಲಿ ತೀರ್ಮಾನ ಆಗುತ್ತದೆ, ಅದು ಬೇಕಾದದ್ದೇ. ಆದರೆ ಈ ಕಡೆಯ ಹಿರಿಯರು ಈ ಕಡೆ ಕೂರುತ್ತಾರೆ, ಆ ಕಡೆಯ ಹಿರಿಯರು ಆ ಕಡೆ. ಚಹಾ ಕುಡಿದು ಎದ್ದು ಹೋದರೆ ಮುಂದಿನ ಚೌತಿಗೇ ಮತ್ತೆ ಭೇಟಿ. ಐಸ್ ಒಡೆಯುವವರು, ಮೀನು ಮಾರುವ ಹೆಂಗಸರು, ರಿಕ್ಷಾದವರು ಯಾವ ಸಭೆಯಲ್ಲೂ ನನಗೆ ಕಾಣಲಿಲ್ಲ. ಮಹಾರಾಷ್ಟ್ರದ ಭಿವಂಡಿಯಲ್ಲಿ ಹಾಗೆ ಮಾಡಲಿಲ್ಲ. 1970ರಲ್ಲಿ, 1984ರಲ್ಲಿ ಕೆಟ್ಟ ಗಲಭೆ ಕಂಡ ಊರು ಅದು. 1988ರಲ್ಲಿ ಸುರೇಶ್ ಖೋಪಡೆ ಅನ್ನುವ ಪೊಲೀಸ್ ಅಧಿಕಾರಿ ಮೊಹಲ್ಲಾ ಮೊಹಲ್ಲಾಗೆ ಎರಡೂ ಸಮುದಾಯದವರ ಸಮಿತಿ ಮಾಡಿದರು. ಅವು ಹಬ್ಬಕ್ಕೆ ಕಾಯದೆ ಮತ್ತೆ ಮತ್ತೆ ಸೇರಿದವು. 1992-93ರಲ್ಲಿ ಪಕ್ಕದ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಸುಮ್ಮನಿತ್ತು.

ನಾನು ಹೆಂಗಸರ ತಲೆ ಮೇಲೆ ಎಲ್ಲಾ ಭಾರ ಹೊರಿಸುತ್ತಿದ್ದೇನೆ ಅಂತ ಯಾರಾದರೂ ಅಂದುಕೊಂಡರೆ, ಇಲ್ಲ. ಪಾಲ್ ಬ್ರಾಸ್ ಅನ್ನುವವರು ಇದೇ ಅಲಿಗಢವನ್ನು ದಶಕಗಟ್ಟಲೆ ನೋಡಿ ಬೇರೆ ಮಾತು ಹೇಳುತ್ತಾರೆ. ಗಲಭೆ ತಾನಾಗಿ ಸಿಡಿಯುವುದಿಲ್ಲ, ಅದನ್ನು ತಯಾರು ಮಾಡಿ ಇಟ್ಟುಕೊಳ್ಳುವವರು ಊರಿನಲ್ಲೇ ಇರುತ್ತಾರೆ. ಸುದ್ದಿ ಹಬ್ಬಿಸುವುದಕ್ಕೆ ಒಬ್ಬ, ಜನ ಸೇರಿಸುವುದಕ್ಕೆ ಇನ್ನೊಬ್ಬ, ಸಮಯ ಬಂದಾಗ ಕಡ್ಡಿ ಗೀರುವುದಕ್ಕೆ ಮತ್ತೊಬ್ಬ. ವಿಲ್ಕಿನ್ಸನ್ 2004ರ ತಮ್ಮ ಪುಸ್ತಕದಲ್ಲಿ ಇನ್ನೂ ನೇರವಾಗಿ ಹೇಳಿದ್ದಾರೆ: ರಾಜ್ಯ ಸರ್ಕಾರಕ್ಕೆ ಮನಸ್ಸಿದ್ದರೆ ಪೊಲೀಸರು ಗಲಭೆಯನ್ನು ತಡೆಯುತ್ತಾರೆ, ಮನಸ್ಸು ಬರುವುದು ಬಿಡುವುದು ವೋಟಿನ ಲೆಕ್ಕದ ಮೇಲೆ. ನಾನು ಇವರನ್ನೂ ನಂಬುತ್ತೇನೆ. ಆ ಬೆಳಿಗ್ಗೆ ಬೈಕು ಆರೇಳರ ಬದಲು ಅರವತ್ತು ಬಂದಿದ್ದರೆ ಬುಟ್ಟಿ ಅಡ್ಡ ಇಟ್ಟು ಏನೂ ಆಗುತ್ತಿರಲಿಲ್ಲ, ಆ ಅಕ್ಕನಿಗೇ ಏಟು ಬೀಳುತ್ತಿತ್ತು. ಅದಕ್ಕೆ ಸರ್ಕಾರ ಇರುವುದು, ಅದಕ್ಕೆ ಪೊಲೀಸರಿಗೆ ಸಂಬಳ. ಆದರೆ ಅರವತ್ತು ಆಗುವ ಮೊದಲು ಆರು ಇರುತ್ತದಲ್ವಾ? ನಾನು ನೋಡುತ್ತಿರುವುದು ಆ ಹೊತ್ತನ್ನು.

ಭಟ್ಕಳದ ವಿಷಯ ಬರೆಯದೆ ಈ ಕರಾವಳಿಯ ಬಗ್ಗೆ ಬರೆಯುವುದು ಸರಿಯಲ್ಲ. 1993ರಲ್ಲಿ ಅಲ್ಲಿ ತಿಂಗಳುಗಟ್ಟಲೆ ಗಲಭೆ ನಡೆಯಿತು, ತನಿಖೆಗೆ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ಬಂತು. 1996ರಲ್ಲಿ ಅಲ್ಲಿಯ ಶಾಸಕ ಡಾ. ಚಿತ್ತರಂಜನ್ ಅವರ ಕೊಲೆಯಾಯಿತು. ಹೊರಗಿನವರಿಗೆ ಭಟ್ಕಳ ಅಂದರೆ ಇವತ್ತಿಗೂ ಇಷ್ಟೇ. ಅಲ್ಲಿ ಮಲ್ಲಿಗೆ ಬೆಳೆಯುವ ಮನೆಗಳಲ್ಲಿ ನಾನು ಕೂತಿದ್ದೇನೆ. ಹಿತ್ತಲಲ್ಲಿ ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ ಪೇಟೆಗೆ ಕಳಿಸುತ್ತಾರೆ. ಭಟ್ಕಳದ ಮುಸ್ಲಿಮರಾದ ನವಾಯತರ ಮದುವೆಗಳ ಸೀಸನ್ ಯಾವಾಗ, ಯಾವ ವಾರ ರೇಟು ಏರುತ್ತದೆ ಅಂತ ಆ ಮನೆಯ ಸಣ್ಣ ಹುಡುಗಿಗೂ ಗೊತ್ತು. "ಅವರ ಮನೆ ಮದುವೆ ನಿಂತ್ರೆ ನಮ್ಮನೆ ಒಲೆ ನಿಂತ ಹಾಗೆ" ಅಂದರು ಒಬ್ಬ ಅಜ್ಜಿ. ಆಮೇಲೆ ಧ್ವನಿ ಇಳಿಸಿ, 1993ರಲ್ಲಿ ಎಷ್ಟೋ ದಿನ ಹೂವು ಗಿಡದಲ್ಲೇ ಅರಳಿ ಉದುರಿತು ಅಂದರು. ವ್ಯಾಪಾರದ ನಂಟು ಒಂದೇ ಎಲ್ಲವನ್ನೂ ಉಳಿಸುವುದಿಲ್ಲ ಅಂತ ನನಗೆ ಮನದಟ್ಟಾದದ್ದು ಆ ಅಜ್ಜಿಯಿಂದ. ಮಲ್ಲಿಗೆ ಮಾರುವವರೂ ಕೊಳ್ಳುವವರೂ ಮುಖ ನೋಡಿದ್ದೇ ಕಡಿಮೆ, ನಡುವೆ ಅಂಗಡಿ, ದಲ್ಲಾಳಿ. ರಾತ್ರಿ ನಾಲ್ಕಕ್ಕೆ ಬಾಗಿಲು ಬಡಿದರೆ ಧ್ವನಿ ಗುರುತಾಗುವಷ್ಟು ಬಳಕೆ ಇರಲಿಲ್ಲ. ಇದನ್ನು ನಾನು ಇನ್ನೂ ಪೂರ್ತಿ ಬಿಡಿಸಿಲ್ಲ, ಪ್ರಬಂಧದ ಆ ಅಧ್ಯಾಯ ಅರ್ಧಕ್ಕೇ ನಿಂತಿದೆ.

ಆಯಿಯ ಪ್ರಶ್ನೆಗೆ ಉತ್ತರ ಕೊಡಬೇಕಿತ್ತಲ್ಲ, ಯುಗಾದಿಗೆ ಹೋದಾಗ ಕೊಟ್ಟೆ. ನಾರ್ವೆಯ ಯೋಹಾನ್ ಗಾಲ್ಟುಂಗ್ ಅಂತ ಒಬ್ಬರಿದ್ದರು, 1959ರಲ್ಲಿ ಓಸ್ಲೋದಲ್ಲಿ ಶಾಂತಿಯ ಸಂಶೋಧನೆಗೇ ಅಂತ ಸಂಸ್ಥೆ ಕಟ್ಟಿದವರು, 2024ರಲ್ಲಿ ತೀರಿಕೊಂಡರು. ಹೊಡೆದಾಟ ಇಲ್ಲ ಅಂದ ಮಾತ್ರಕ್ಕೆ ಶಾಂತಿ ಇದೆ ಅಂತಲ್ಲ ಅನ್ನುವುದು ಅವರ ಮಾತು. ಯಾರೂ ಕೈ ಎತ್ತದೆಯೂ ಜನ ಏಟು ತಿನ್ನುತ್ತಿರಬಹುದು, ಹಸಿವಿನಿಂದ, ಸಾಲದಿಂದ, ಔಷಧಿ ಸಿಗದೆ. ಆಯಿಗೆ ಇದನ್ನು ಹೇಳುವಾಗ ನಾನು ಧಕ್ಕೆಯ ಹೆಂಗಸರ ಬಗ್ಗೆ ಹೇಳಿದೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ನಿಷೇಧ, 61 ದಿನ ಅವರಿಗೆ ಒಣಮೀನು ಬಿಟ್ಟರೆ ಬೇರೆ ದುಡಿಮೆ ಇಲ್ಲ, ಆ ಎರಡು ತಿಂಗಳ ಸಾಲ ವರ್ಷವಿಡೀ ತೀರಿಸುತ್ತಾರೆ. ಕೂರಲು ಒಂದು ಮಾಡು ಇಲ್ಲ, ಹೋಗಲು ಒಂದು ಶೌಚಾಲಯ ಇಲ್ಲ. ಊರು ಶಾಂತವಾಗಿಯೇ ಇದೆ. ಆಯಿ ಅಡಿಕೆ ಚೀಲದ ಬಾಯಿ ಹೊಲಿಯುತ್ತಾ ಕೇಳಿದಳು. ಆಮೇಲೆ, "ಆ ಬಾಕಿ ತೀರ್ತಾ ಇಲ್ಯಾ ಅವ್ಳಿಗೆ?" ಅಂದಳು. ನನಗೆ ಗೊತ್ತಿರಲಿಲ್ಲ. ಎರಡು ವರ್ಷದಲ್ಲಿ ಆ ಪ್ರಶ್ನೆ ನಾನು ಕೇಳಿರಲೇ ಇಲ್ಲ.

ಹೋದ ವಾರ ಧಕ್ಕೆಗೆ ಹೋಗಿ ಕೇಳಿದೆ. ತೀರಿಲ್ಲವಂತೆ. "ತೀರಿದ್ರೆ ಮತ್ತೆ ಕೊಡೂದೂ ಇಲ್ಲ, ಕೇಳೂದೂ ಇಲ್ಲ, ಅಷ್ಟು ಸುಲಭಕ್ಕೆ ತೀರ್ಸೂಕಾಗ್ತದಾ" ಅಂತ ನಕ್ಕರು. ಐಸಿನ ಸಾಯ್ಬರು ಮಾತ್ರ ಇನ್ನೂ ಮಾತಿಗೆ ಸಿಕ್ಕಿಲ್ಲ. ಮೂರು ಸಲ ಹೋಗಿದ್ದೇನೆ, ಮೂರು ಸಲವೂ ಚಹಾ ಕೊಟ್ಟು, ಮಳೆ, ಡೀಸೆಲ್, ಬಂಗಡೆಯ ಬಗ್ಗೆ ಮಾತಾಡಿ ಕಳಿಸಿದ್ದಾರೆ. ಆ ರಾತ್ರಿ ಬಾಗಿಲಿನ ಆ ಕಡೆ ಇದ್ದವರು ಅವರು, ಹೇಳಲು ಮನಸ್ಸಿಲ್ಲದಿದ್ದರೆ ನಾನು ಒತ್ತಾಯ ಮಾಡುವುದಿಲ್ಲ. ಹೊರಡುವಾಗ ಅವರೇ ಅಂದರು, "ಜೂನ್‌ನಲ್ಲಿ ಬೋಟು ನಿಂತ ಮೇಲೆ ಬನ್ನಿ ಅಮ್ಮಾ, ಆಗ ಪುರಸೊತ್ತು ಇರ್ತದೆ."